ವಾಸನೆಯಿಲ್ಲದ ಡ್ರಮ್ಮು

“ಅರೇ, ಇಳಿಸೋ ಅದನ್ನ!” ಎಂದು ಫಾತಿಮಾ ಬೀ ಬೀದಿಯಿಂದಲೇ ಕೂಗಿದರು. ಕುಡಿಯುವ ನೀರು ತುಂಬಿಡಲು ಹಲಸೂರಿನ ಹೆಂಗಸೊಬ್ಬರು ಕೊಂಡಿದ್ದ ಹಳೆಯ ಡ್ರಮ್ಮನ್ನು ನಾನು ಆಗಲೇ ಕೈಗಾಡಿಗೆ ಏರಿಸಿದ್ದೆ.

ಎಪ್ಪತ್ತರ ದಶಕದಲ್ಲಿ ನಾನು ಕೆಲಸಕ್ಕಿದ್ದ ಶಿವಾಜಿನಗರದ ಗುಜರಿ ಅಂಗಡಿ ಅದು. ಕಾರ್ಖಾನೆಗಳಿಂದ ಬಂದ ಯಾವ ಡ್ರಮ್ಮನ್ನೂ ಅಲ್ಲೇ ಕೆಲಸಕ್ಕಿದ್ದ, ಓದು ಬಾರದ ಫಾತಿಮಾ ಬೀ ಪರೀಕ್ಷಿಸದೆ ಯಜಮಾನರು ಮಾರುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನನ್ನನ್ನು ಎಲ್ಲರೂ ‘ಮಾಸ್ಟ್ರು’ ಎನ್ನುತ್ತಿದ್ದರೇ ಹೊರತು ಒಂದು ಮಾತೂ ಕೇಳುತ್ತಿರಲಿಲ್ಲ. ಆ ಹೊಟ್ಟೆಕಿಚ್ಚಿಗೆ, ಅವರು ಊಟಕ್ಕೆ ಹೋಗಿದ್ದಾಗ ನಾನೇ ಮೂಸಿ ನೋಡಿ, “ಏನೂ ಇಲ್ಲ, ತಗೊಂಡ್ಹೋಗಿ” ಎಂದುಬಿಟ್ಟಿದ್ದೆ.

ಫಾತಿಮಾ ಬೀ ಡ್ರಮ್ಮಿಗೆ ಒಂದು ಚೊಂಬು ನೀರು ಹಾಕಿ ಕುಲುಕಿದರು. ಅರಿಶಿನ ಹಚ್ಚಿದ ಬಟ್ಟೆಯ ತುದಿಯನ್ನು ಆ ನೀರಿಗೆ ಅದ್ದಿ ಎತ್ತಿದರು. ಹಳದಿ ಬಟ್ಟೆ ಇಟ್ಟಿಗೆಯಂತೆ ಕೆಂಪಾಗಿತ್ತು. ಒಳಗೆ ಕಾಸ್ಟಿಕ್ ಸೋಡಾ ಉಳಿದಿತ್ತು; ಆ ಕ್ಷಾರ ತಗುಲಿಯೇ ಅರಿಶಿನ ಕೆಂಪಾದದ್ದು.

“ಇದಕ್ಕೆ ವಾಸನೆ ಎಲ್ಲಿರುತ್ತೆ ಮಾಸ್ಟ್ರೇ? ಗಂಟಲು ಸುಟ್ಟ ಮೇಲೇನೇ ಗೊತ್ತಾಗೋದು,” ಎಂದರು.

ಒಂದು ಮನೆಯವರು ಬದುಕಿಕೊಂಡರಲ್ಲಾ ಎಂಬ ಸಮಾಧಾನ ನನಗೆ ಬಂದದ್ದು ಆಮೇಲೆ. ಮೊದಲು ಬಂದದ್ದು, ಈಕೆಯೇ ಮತ್ತೆ ಗೆದ್ದಳಲ್ಲಾ ಎಂಬ ಉರಿ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಬಗ್ಗೆಯೇ ಭಯವಾಗುತ್ತದೆ.