ಅರ್ಧಕ್ಕೆ ನಿಂತ ವಿಭೂತಿ

ಬೆಂಗಳೂರಿನ ತಂಪುಗಾಳಿಯನ್ನು ಊರವರೆಲ್ಲ ಹೊಗಳಿ ನಮ್ಮನ್ನು ಕಳಿಸಿದ್ದರು. ಮೊದಲು ಹೊಡೆದದ್ದೇ ಆ ಗಾಳಿ. ವಿಜಯನಗರದಲ್ಲಿ ಬಸ್ಸಿಳಿದ ಕೂಡಲೇ ನನ್ನ ಹೆಂಡತಿ ಶಿವಲೀಲಾ ಬಲಗೆನ್ನೆಗೆ ಸೆರಗು ಅಡ್ಡ ಹಿಡಿದು ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. ಆಟೊದವನೊಬ್ಬ ಇಣುಕಿ ಕೇಳಿದ: “ಏನ್ ಸಾರ್, ಆಂಟಿಗೆ ಹಲ್ಲುನೋವಾ?”

ರೋಣದ ಕಡೆಯ ನಮ್ಮ ಹಳ್ಳಿಯಲ್ಲೂ ಹಾಗೇ ಅಂದುಕೊಂಡಿದ್ದೆವು. ಎರಡು ದವಡೆ ಹಲ್ಲು ಕೀಳಿಸಿಯೂ ಆಗಿತ್ತು. ಹಲ್ಲು ಹೋದವು, ನೋವು ಉಳಿಯಿತು. ಗಾಳಿ ಸೋಕಿದರೂ ಸಾಕು, ಮಿಂಚಿನಂತೆ ಬಂದು, ಕ್ಷಣ ನಿಂತು ಹೋಗುತ್ತಿತ್ತು. ಮತ್ತೆ ಬರುತ್ತಿತ್ತು. ಅದಕ್ಕೆ ಮದ್ದು ಹುಡುಕಿಕೊಂಡೇ ಬೆಂಗಳೂರಿಗೆ ಬಂದಿದ್ದೆವು.

ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ನಾನು ದರ್ಜಿ. ಆಸ್ಪತ್ರೆಯ ಓಡಾಟ ಬೇಗ ಮುಗಿಯುವುದಿಲ್ಲವೆಂದು ತಿಳಿದಾಗ ಹೊಲಿಗೆ ಮಷಿನ್ನನ್ನೂ ತರಿಸಿಕೊಂಡೆ. ಊರಿನಲ್ಲಿ ಊಟವೆಂದರೆ ಜೋಳದ ರೊಟ್ಟಿ, ರೊಟ್ಟಿಯೆಂದರೆ ಅಗಿಯಬೇಕು. ಅವಳಿಗೆ ಬಾಯಿ ತೆರೆಯಲೂ ಭಯ. ಮನೆಯ ಒಡತಿ ಜಯಮ್ಮ ಇದನ್ನು ಗಮನಿಸಿ, ಒಂದು ಮಧ್ಯಾಹ್ನ ರಾಗಿಮುದ್ದೆ ಮತ್ತು ಉಪ್ಸಾರು ತಂದರು. ಉಪ್ಸಾರು ಎಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು.

“ಅಗೀಬೇಡ ಕಣಮ್ಮ. ಸಾರಲ್ಲಿ ಅದ್ದು, ನುಂಗು. ಹಲ್ಲಿಗೆ ಕೆಲಸಾನೇ ಇಲ್ಲ.”

ಶಿವಲೀಲಾ ತುಟಿ ಅಲುಗಿಸದೆ ನನಗೆ ಹೇಳಿದಳು: “ಹಂಗಾರ ಉಳದವನ್ನೂ ಕೀಳಸಬೇಕಾಗಿತ್ತು ನೋಡ್ರಿ.”

ಇಬ್ಬರು ಡಾಕ್ಟರರು ಮತ್ತೆ ಹಲ್ಲನ್ನೇ ನೋಡಿದರು. ಕೊನೆಗೆ ರಾಜಾಜಿನಗರದಲ್ಲಿ ನರಗಳ ಆಪರೇಷನ್ ಮಾಡುವ ಒಬ್ಬ ಮೇಡಂ ಹತ್ತಿರ ಹೋದೆವು. ನಾನು ಎಕ್ಸ್‌ರೇ ಕಟ್ಟು ಬಿಚ್ಚುತ್ತಿದ್ದೆ. ಅವರು ಅದನ್ನು ಪಕ್ಕಕ್ಕಿಟ್ಟು ಇವಳ ಮುಖವನ್ನೇ ನೋಡುತ್ತ ಕೂತರು.

“ವಿಭೂತಿ ಯಾಕಮ್ಮ ಅರ್ಧಕ್ಕೇ ನಿಂತಿದೆ?”

ನಮ್ಮಲ್ಲಿ ಮೂರು ಬೆರಳಿನಿಂದ ಹಣೆಯ ಉದ್ದಕ್ಕೂ ಎಳೆಯುತ್ತೇವೆ. ಇವಳದು ಊರಿನಲ್ಲಿದ್ದಾಗಿನಿಂದಲೂ ನಡುವೆಯೇ ನಿಲ್ಲುತ್ತಿತ್ತು. ಊರಿನಲ್ಲಿ ನನ್ನ ಅಣ್ಣ ಅದನ್ನು ಸೋಮಾರಿತನ ಎನ್ನುತ್ತಿದ್ದ. ಅವಸರವಿರಬೇಕು ಎಂದುಕೊಂಡಿದ್ದೆ ನಾನು.

“ಆ ಕಡೆ ಬಟ್ಟು ಮುಟ್ಟಿದ್ರ ಕರೆಂಟ್ ಹೊಡದಂಗ ಆಗ್ತೈತ್ರಿ. ಶಿವ ಅರ್ಧಕ್ಕ ಒಪ್ಪಿಕೊಂಡಾನ್ರಿ.”

ಮೇಡಂ ನಕ್ಕರು. ಹತ್ತಿಯ ಎಳೆಯೊಂದನ್ನು ಅವಳ ಹಣೆಗೆ, ಕೆನ್ನೆಗೆ ಸೋಕಿಸಿ ನೋಡಿದರು. “ಇದು ಹಲ್ಲಲ್ಲ, ನರ.” ಸ್ಕ್ಯಾನಿನಲ್ಲೂ ಹಾಗೇ ಬಂತು. ಮಿದುಳಿನ ಬುಡದಲ್ಲಿ ಒಂದು ರಕ್ತನಾಳ ಮುಖದ ನರದ ಮೇಲೆ ಒರಗಿತ್ತು. ಅದು ಮಿಡಿದಂತೆಲ್ಲ ನರಕ್ಕೆ ಪೆಟ್ಟು.

ಮೊದಲು ಮಾತ್ರೆ ಕೊಟ್ಟರು. ನೋವು ತಗ್ಗಿತು, ಆದರೆ ತಲೆ ತಿರುಗಿ ಅವಳು ಗೋಡೆ ಹಿಡಿದು ನಡೆಯುವಂತಾದಳು. ಆಮೇಲೆ ಆಪರೇಷನ್ ಮಾತು ಬಂತು. ಕಿವಿಯ ಹಿಂದೆ ತೆರೆದು, ನರಕ್ಕೂ ರಕ್ತನಾಳಕ್ಕೂ ನಡುವೆ ಮೆತ್ತನೆಯ ಚೂರೊಂದನ್ನು ಇಡುವುದು.

“ಬ್ಲೌಸಿಗೆ ಲೈನಿಂಗ್ ಕೊಟ್ಟಂಗೇನ್ರಿ?” ಎಂದೆ.

“ಅದೇ. ನಿಮ್ಮ ಕೆಲಸಾನೇ, ಜಾಗ ಬೇರೆ ಅಷ್ಟೆ.” ಆಮೇಲೆ ನಗು ನಿಲ್ಲಿಸಿ ಹೇಳಿದರು: “ಆ ಕಿವಿ ಕೇಳದೇ ಹೋಗಬಹುದು. ಜೀವಕ್ಕೂ ಸ್ವಲ್ಪ ಅಪಾಯ ಇದೆ, ಇಲ್ಲ ಅಂತ ಹೇಳಲ್ಲ.”

ಇವಳೇ ಹೇಳಿದಳು: “ಮಾಡ್ರಿ. ಗಾಳಿಗೆ ಅಂಜಿ ಎಷ್ಟು ದಿನ ಬದಕೂದು?”

ಅಷ್ಟು ಇಕ್ಕಟ್ಟಿನಲ್ಲಿ ಕೈ ನಡುಗದೆ ಲೈನಿಂಗ್ ಕೂರಿಸಿದ ಮೇಡಂ ಅವರ ಬೆರಳುಗಳನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಮನೆಗೆ ಬಂದ ಬೆಳಿಗ್ಗೆ ಶಿವಲೀಲಾ ಕನ್ನಡಿಯ ಮುಂದೆ ವಿಭೂತಿ ಎಳೆದಳು. ನಡುವೆ ಬೆರಳು ನಿಂತವು. ಆಮೇಲೆ ಮೆಲ್ಲಗೆ ಆಚೆ ಕೊನೆಯವರೆಗೂ ಹೋದವು. ಊರಿಂದ ಕಡಕ್ ರೊಟ್ಟಿ ಬಂದಾಗ ಜಯಮ್ಮನ ಎದುರೇ ಕಟುಂ ಎಂದು ಕಡಿದಳು.

“ಅಬ್ಬಾ, ಹಪ್ಪಳ ಇದ್ದಂಗಿದೆ! ನನ್ನ ಹಲ್ಲು ಹೋಗುತ್ತೆ ಕಣೇ,” ಎಂದರು ಜಯಮ್ಮ.

“ಅಗೀಬ್ಯಾಡ್ರಿ ಆಂಟಿ, ನುಂಗ್ರಿ,” ಎಂದಳು ಇವಳು.

ಊರಿಗೆ ಮರಳಬಹುದಿತ್ತು. ಅವಳೇ ಬೇಡವೆಂದಳು. ಸಂಜೆ ಕೆರೆಯ ಏರಿಯ ಮೇಲೆ, ಸೆರಗು ಸರಿಸಿ, ಗಾಳಿಗೆ ಬಲಗೆನ್ನೆ ಕೊಟ್ಟು ನಿಲ್ಲುವುದು ಅವಳಿಗೆ ಅಭ್ಯಾಸವಾಗಿತ್ತು. ತಪಾಸಣೆಗೆ ಹೋದಾಗಲೆಲ್ಲ ಮೇಡಂ ಮೊದಲು ನೋಡುತ್ತಿದ್ದದ್ದು ಅವಳ ಹಣೆಯನ್ನೇ.

ಹೋದ ಚಳಿಗಾಲದಲ್ಲಿ ಅವಳ ಹೃದಯ ನಿಂತಿತು. ಮುಖದ ನೋವಿಗೂ ಅದಕ್ಕೂ ಸಂಬಂಧವಿರಲಿಲ್ಲವಂತೆ. ಊರಿಗೆ ಕರೆದುಕೊಂಡು ಹೋದೆವು. ಮಣ್ಣಿಗಿಡುವ ಮೊದಲು ಅಣ್ಣ ವಿಭೂತಿಯ ತಟ್ಟೆ ಹಿಡಿದು ಅಂದ: “ಹಣಿ ತುಂಬ ಹಚ್ಚೋ ತಮ್ಮಾ.” ನನ್ನ ಬೆರಳು ನಡುವೆ ತಾವಾಗಿ ನಿಂತವು, ಅವಳಿಗೆ ನೋಯುತ್ತದೆಂದು. ಆಮೇಲೆ ಕೊನೆಯವರೆಗೂ ಎಳೆದೆ.

ಮೇಡಂಗೆ ಹೇಳಲು ಹೋದೆ. ಅವರು ಒಂದೇ ಮಾತು ಕೇಳಿದರು: “ಆ ನೋವು ಮತ್ತೆ ಬರಲಿಲ್ಲ ಅಲ್ವಾ?”

“ಇಲ್ರಿ. ಒಮ್ಮಿನೂ ಬರಲಿಲ್ಲ.”

“ಊರಿಗೆ ಬಾ, ಅಲ್ಲೇನೈತಿ?” ಎಂದು ಅಣ್ಣ ಫೋನಿನಲ್ಲಿ ಕೇಳುತ್ತಾನೆ. ಊರಿನಲ್ಲಿ ಅವಳ ಸಮಾಧಿಯ ಮುಂದೆ ನಿಂತರೆ, ಸೆರಗು ಅಡ್ಡ ಹಿಡಿದ ಮುಖವೇ ನೆನಪಾಗುತ್ತದೆ. ಆಗ ಬೆಂಗಳೂರಿನ ಬಸ್ಸು ಹತ್ತುವ ಆಸೆ. ಇಲ್ಲಿ ಸಂಜೆ ಏರಿಯ ಮೇಲೆ ಗಾಳಿ ಬೀಸಿದರೆ, ಅವಳನ್ನು ಅಷ್ಟು ದೂರ ಒಂಟಿಯಾಗಿ ಬಿಟ್ಟುಬಂದೆನಲ್ಲ ಎನಿಸುತ್ತದೆ. ಆದರೂ ದಿನವೂ ಏರಿಗೆ ಹೋಗುತ್ತೇನೆ. ಅವಳ ನೋವಿನ ದಿನಗಳಲ್ಲಿ ಗಾಳಿ ಬರುವ ಕಡೆ ನಾನಿದ್ದು, ಅವಳಿಗೆ ಮರೆಯಾಗಿ ನಡೆದು ರೂಢಿ. ಈಗಲೂ ಆ ಬದಿಯಲ್ಲೇ ನಡೆಯುತ್ತೇನೆ.