ಉಂಡ್ರಾ ಎಂದು ಕೇಳಿದ ತಪ್ಪಿಗೆ

ತಾಳವಾಡಿಯಲ್ಲಿ ನಾನು ಯಾವಾಗಲೂ ಹೋಗುವ ಗೊಬ್ಬರದ ಅಂಗಡಿಯ ಪಕ್ಕದಲ್ಲಿ ಮಹಡಿಗೆ ಹತ್ತುವ ಒಂದು ಇಕ್ಕಟ್ಟಾದ ಮೆಟ್ಟಿಲಿದೆ. ಹೋದ ವಾರ ಕೋಸಿನ ಹೊಲಕ್ಕೆ ಗೊಬ್ಬರ ತರಲು ಹೋದವನು, ಅಂಗಡಿಯವನು ಊಟ ಮುಗಿಸಿ ಬರುವ ತನಕ ಆ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಗೊಬ್ಬರದ ಘಾಟು ಮೂಗಿಗೆ ಹೊಡೆಯಿತು. ಕೆಲವರಿಗೆ ಮಲ್ಲಿಗೆಯ ಪರಿಮಳಕ್ಕೆ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ, ನಗಬೇಡಿ, ಗೊಬ್ಬರದ ಘಾಟಿಗೆ ಜರ್ಮನಿ ನೆನಪಾಗುತ್ತದೆ.

ಈಗ ಆ ಮಹಡಿಯಲ್ಲಿ ಒಬ್ಬ ಟೈಲರ್ ಇದ್ದಾನೆ. ಇಪ್ಪತ್ತು ವರ್ಷದ ಕೆಳಗೆ ಅಲ್ಲಿ ಸೆಲ್ವಂ ಎಂಬುವನ ಬ್ರೌಸಿಂಗ್ ಸೆಂಟರ್ ಇತ್ತು. ಐದು ಕಂಪ್ಯೂಟರು, ನಡುನಡುವೆ ಹಲಗೆಯ ತಡಿಕೆ, ಒಂದೊಂದಕ್ಕೂ ಒಂದೊಂದು ಪರದೆ. ಪರದೆ ಹಾಕಿಕೊಂಡು ಮಾಡುವ ಕೆಲಸ ಒಳ್ಳೆಯದಿರಲಾರದು ಎಂದು ಊರೆಲ್ಲ ತೀರ್ಮಾನ ಮಾಡಿತ್ತು. ತೀರ್ಮಾನ ಮಾಡಿದವರಲ್ಲಿ ನಾನೂ ಒಬ್ಬ. ಒಳಗೆ ಕಾಲಿಟ್ಟಿರಲಿಲ್ಲ, ಆ ಮಾತು ಬೇರೆ.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಪ್ಪನ ಸೊಂಟ ಬಿದ್ದುಹೋಗಿತ್ತು, ನೇಗಿಲು ಹಿಡಿಯಲು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಂದಿನಿಂದ ಇಂದಿನ ತನಕ ಒಬ್ಬರ ಬಾಗಿಲಲ್ಲಿ ನಿಂತು ಒಂದು ಸೇರು ರಾಗಿ ಕೊಡಿ ಎಂದವನಲ್ಲ. ಬೇಕಾದರೆ ಪಣಕಹಳ್ಳಿಗೆ ಬಂದು ಕೇಳಿ. ನೀವು ಕೇಳದಿದ್ದರೂ ನಾನೇ ಹೇಳುತ್ತೇನೆ. ನಮ್ಮ ಮನೆಯವಳ ಪ್ರಕಾರ ನನ್ನಲ್ಲಿರುವ ದೊಡ್ಡ ಕಾಯಿಲೆ ಅದೇ.

ಮಗಳು ಮಾದೇವಿ ಆಗ ಒಂಬತ್ತನೇ ಕ್ಲಾಸು. ಅವಳ ಇಂಗ್ಲಿಷ್ ಟೀಚರಮ್ಮ ಎಲ್ಲಿಂದಲೋ ಜರ್ಮನಿಯ ಒಂದು ಶಾಲೆಯ ಗೆಳೆತನ ಹಿಡಿದು ತಂದಿದ್ದರು. ನಮ್ಮ ಆರು ಮಕ್ಕಳು, ಅಲ್ಲಿಯ ಆರು ಮಕ್ಕಳು, ಪ್ರತಿ ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡುವುದು. ನಾನು ಒಂದು ಷರತ್ತು ಹಾಕಿದೆ: ನಾನೂ ಜೊತೆಗೆ ಬರುತ್ತೇನೆ. ಹೋದವನು ಮೊದಲು ಸೆಲ್ವಂನಿಂದ ಐದೂ ಪರದೆಗಳನ್ನು ಸಣಬಿನ ದಾರದಲ್ಲಿ ಎತ್ತಿ ಕಟ್ಟಿಸಿದೆ. ಪಾಪ, ಅವನ ಉಳಿದ ಗಿರಾಕಿಗಳು ಶುಕ್ರವಾರ ಬರುವುದನ್ನೇ ಬಿಟ್ಟರು.

ಮಾದೇವಿಯ ಪಾಲಿಗೆ ಬಂದ ಹುಡುಗಿ ಲೇನಾ. ಅವಳ ಮುಖ ಬರುತ್ತಿತ್ತು, ಬಾಯಿ ತೆರೆದ ಹಾಗೆಯೇ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಅಲುಗಾಡುತ್ತಿತ್ತು. ಟೀಚರಮ್ಮ ಮರ್ಯಾದೆಗೆ, ಅಪ್ಪಾಜಿಯೂ ಒಂದು ಮಾತಾಡಲಿ ಎಂದರು. ನಾನು ಆ ಗೋಲಿಯಷ್ಟು ಕ್ಯಾಮೆರಾದ ಮುಂದೆ ಬಗ್ಗಿ, ನಮ್ಮ ಕಡೆ ಯಾರನ್ನಾದರೂ ಏನು ಕೇಳುತ್ತೇವೋ ಅದನ್ನೇ ಕೇಳಿದೆ.

"ಉಂಡ್ಯಾವ್ವ?"

ಮಾದೇವಿ ಅದನ್ನು ಇಂಗ್ಲಿಷಿಗೆ ಹಾಕಿದಳು. ಲೇನಾ ತಲೆ ಅಲ್ಲಾಡಿಸಿ, ಇಲ್ಲ ಎಂದಳು.

ನಿಮಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ನಮ್ಮ ಬೆಟ್ಟದ ಮೇಲೆ ಉಂಡ್ಯಾ ಅನ್ನುವುದು ಪ್ರಶ್ನೆಯೇ ಅಲ್ಲ. ಅದಕ್ಕೆ ಉತ್ತರ ಒಂದೇ: ಆಯ್ತು. ಹಿಂದಿನ ದಿನ ಮುದ್ದೆ ಕಂಡವನು, ಕಣ್ಣು ಕತ್ತಲೆ ಬರುತ್ತಿರುವವನು, ಅವನೂ ಆಯ್ತು ಅನ್ನಬೇಕು. ಇಲ್ಲ ಅಂದುಬಿಟ್ಟರೆ ಕೇಳಿದವನು ಕೈ ಹಿಡಿದು ಕೂರಿಸಿ, ತಟ್ಟೆ ಇಟ್ಟು, ಉಣ್ಣಿಸಿಯೇ ಕಳಿಸಬೇಕು. ನನ್ನ ನಲವತ್ತು ವರ್ಷದಲ್ಲಿ ಒಬ್ಬರೂ ಇಲ್ಲ ಅಂದಿರಲಿಲ್ಲ. ಈಗ ಸಮುದ್ರದ ಆಚೆಯ ಒಂದು ಹೆಣ್ಣುಮಗು ನೇರವಾಗಿ ಇಲ್ಲ ಎಂದಿದೆ, ನಡುವೆ ಗಾಜು. ಯಾಕೆ ಉಂಡಿಲ್ಲ ಕೇಳು, ಅವ್ವ ಮನೆಯಲ್ಲಿಲ್ಲವಾ ಕೇಳು, ರಾತ್ರಿಯದ್ದಾದರೂ ಏನಾದರೂ ಉಳಿದಿದೆಯಾ ಕೇಳು ಎಂದು ಮಾದೇವಿಯ ಜೀವ ತಿಂದೆ. ಪಕ್ಕದ ಹುಡುಗನನ್ನು ಕೇಳಿಸಿದೆ, ಅವನೂ ಉಂಡಿಲ್ಲ. ಆರೂ ಜನ ಉಂಡಿಲ್ಲ. ಅಲ್ಲಿ ಆಗಿನ್ನೂ ಬೆಳಗ್ಗೆ ಹನ್ನೊಂದು ಗಂಟೆ ಎಂದು ಟೀಚರಮ್ಮ ಎಷ್ಟು ಹೇಳಿದರೂ ನನ್ನ ಸಂಕಟ ಇಳಿಯಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಆರು ಜನರನ್ನೂ ತಪ್ಪದೆ ವಿಚಾರಿಸಿಕೊಂಡೆ. ನನ್ನನ್ನು ನೋಡಿ ನಮ್ಮ ಮಕ್ಕಳೂ ಅದರಿಂದಲೇ ಮಾತು ಶುರು ಮಾಡುತ್ತಿದ್ದವು.

ಆಮೇಲೆ ಪಟ್ಟಿಯ ಕೆಲಸ ಬಂತು. ಒಬ್ಬರ ದೇಶದ ಬಗ್ಗೆ ಇನ್ನೊಬ್ಬರು ಏನೇನು ನಂಬಿದ್ದಾರೋ ಅದನ್ನು ಮುಚ್ಚುಮರೆಯಿಲ್ಲದೆ ಬರೆದು ಕಳಿಸಬೇಕು, ನಿಜವಾ ಸುಳ್ಳಾ ಎಂದು ಮಕ್ಕಳೇ ಕೇಳಿ ತಿಳಿಯಬೇಕು. ಮಾದೇವಿ ಪೆನ್ನು ಹಿಡಿದು ನನ್ನ ಹತ್ತಿರ ಬಂದಳು. ಮೈಸೂರು, ಈರೋಡು ಬಿಟ್ಟು ಮೂರನೆಯ ಊರು ನೋಡದ ನಾನು ಬೀಡಿ ಆರುವುದರೊಳಗೆ ಜರ್ಮನಿಯನ್ನು ಪೂರಾ ಹೇಳಿ ಮುಗಿಸಿದೆ. ತಲೆ ನರೆತ ಕೂಡಲೇ ಅಪ್ಪ ಅವ್ವನನ್ನು ಮನೆಯಿಂದ ಆಚೆ ಕಳಿಸುತ್ತಾರೆ. ಮಣ್ಣು, ಸಗಣಿ ಮುಟ್ಟುವುದಿಲ್ಲ, ಎಲ್ಲವನ್ನೂ ಮಿಷನ್ನೇ ಮಾಡುತ್ತದೆ. ಬರೀ ಬ್ರೆಡ್ ತಿನ್ನುತ್ತಾರೆ. ಪಕ್ಕದ ಮನೆಯವನ ಹೆಸರು ಗೊತ್ತಿರುವುದಿಲ್ಲ. ಚಳಿಯ ದೇಶ, ಸ್ನಾನ ಇಲ್ಲ. ಕೊನೆಯದನ್ನು ಟೀಚರಮ್ಮ ಹೊಡೆದು ಹಾಕಿದರಂತೆ. ಉಳಿದದ್ದು ಹೋಯಿತು.

ಅವರ ಪಟ್ಟಿಯೂ ಬಂತು. ಆನೆ ಓಡಾಡುತ್ತವೆ ಎಂದು ಬರೆದಿದ್ದರು. ಹಿಂದಿನ ವಾರವಷ್ಟೇ ಒಂದು ಆನೆ ನನ್ನ ಜೋಳ ತಿಂದು ಹೋಗಿತ್ತು, ಅದಕ್ಕೆ ತಕರಾರಿಲ್ಲ. ಅದರ ಕೆಳಗಿನದನ್ನು ಮಾದೇವಿ ತಡವರಿಸುತ್ತಾ ಓದಿದಳು: ಆ ಊರಿನವರು ಬಹಳ ಹಸಿದಿದ್ದಾರೆ. ನಮ್ಮನ್ನು ಕಂಡ ಕೂಡಲೇ ಊಟದ ಮಾತೇ ಆಡುತ್ತಾರೆ. ಒಬ್ಬ ತಂದೆಯಂತೂ ಪ್ರತಿ ವಾರ ಬಂದು ಆರು ಜನರನ್ನೂ ಊಟದ ವಿಷಯ ಕೇಳುತ್ತಾರೆ. ನಾವೆಲ್ಲ ಸೇರಿ ಬಿಸ್ಕತ್ತು, ಡಬ್ಬದ ಆಹಾರ ಕೂಡಿಸುತ್ತಿದ್ದೇವೆ, ಕಳಿಸಬಹುದೇ?

ನನಗೆ ಡಬ್ಬದ ಆಹಾರ! ನಮ್ಮ ಹಿತ್ತಿಲಲ್ಲಿ ಹಗೇವು ಇದೆ. ನೆಲದೊಳಗೆ ತೋಡಿದ ರಾಗಿಯ ಕಣಜ, ಬಾಯಿ ಸಣ್ಣದು, ಹೊಟ್ಟೆ ಒಂದು ಕೋಣೆಯಷ್ಟು. ನಮ್ಮ ಕಡೆ ತುಂಬಿದ ಹಗೇವು ಇರುವ ಮನೆಗೆ ಹೆಣ್ಣು ಕೊಡುವವರು ಬೇರೆ ಏನನ್ನೂ ವಿಚಾರಿಸುತ್ತಿರಲಿಲ್ಲ. ಅದನ್ನು ತೋರಿಸಿದರೆ ಇವರ ಬಾಯಿ ಮುಚ್ಚುತ್ತದೆ ಎಂದುಕೊಂಡು, ಸೆಲ್ವಂನನ್ನು ಅವನ ಕ್ಯಾಮೆರಾ ಸಮೇತ ಗಾಡಿಯಲ್ಲಿ ಕರೆತಂದೆ. ಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ತೆರೆದಿಟ್ಟಿದ್ದೆ. ಬಿಳೀ ಪಂಚೆ ಉಟ್ಟು, ಮೀಸೆ ತಿರುವಿ, ಹಗೇವಿನ ಪಕ್ಕ ಎದೆ ಸೆಟೆಸಿ ನಿಂತೆ.

ಒಳಗಿರುವುದು ಏನೂ ಕಾಣುವುದಿಲ್ಲವಲ್ಲ ಅಣ್ಣ ಎಂದು ಸೆಲ್ವಂ ರಾಗ ಎಳೆದ.

"ನೀ ಪಟ ಒಡಿ ಕಣ್ಲಾ," ಅಂದೆ. "ಬದುಕು ಮಾಡೋರ್ಗೆ ಕಂಡೇ ಕಾಣ್ತದೆ."

ಪಟ ಹೋಯಿತು. ಜರ್ಮನಿಯವರಿಗೆ ಕಂಡದ್ದು ನೆಲದಲ್ಲಿ ಒಂದು ಕಪ್ಪು ತೂತು, ಅದರ ಪಕ್ಕದಲ್ಲಿ ಮುಖ ಬಿಗಿದುಕೊಂಡ ಒಬ್ಬ ಮನುಷ್ಯ. ಮಾರನೆಯ ವಾರ ಉತ್ತರ ಬಂತು: ನಿಮ್ಮ ಬಾವಿಯೂ ಬತ್ತಿಹೋಗಿದೆ ಎಂದು ತಿಳಿದು ನಮ್ಮ ಕ್ಲಾಸಿಗೆಲ್ಲ ಬಹಳ ದುಃಖವಾಯಿತು.

ಅಂದು ಸಂಜೆ ಮನೆಗೆ ಬಂದವನೇ ಮಾದೇವಿಗೆ ಹೇಳಿದೆ, "ಇನ್ಮೇಕೆ ಆ ಮೆಟ್ಲು ಅತ್ಬ್ಯಾಡ. ಸಾಕು ನಮ್ ಮರ್ವಾದೆ ತೆಗ್ದಿದ್ದು."

ಅವಳು ಪಾತ್ರೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. "ನೀ ಬರ್ಸಿದ್ದ ಓದ್ಬುಟ್ಟು ಲೇನಾ ಅಪ್ಪನೂ ಇದ್ನೇ ಅಂದವ್ರಂತೆ," ಅಂದಳು.

ಆಗ ನನಗೆ ಗೊತ್ತಾದದ್ದು. ಲೇನಾಳ ಅಪ್ಪನೂ ಬೇಸಾಯಗಾರ. ಹಸು ಸಾಕಿದ್ದಾನೆ, ಆಲೂಗಡ್ಡೆ ಬೆಳೆಯುತ್ತಾನೆ, ನಸುಕಿಗೆ ಎದ್ದು ಸಗಣಿ ಬಾಚುತ್ತಾನೆ. ಹಾಸಿಗೆ ಹಿಡಿದ ತಾಯಿಯನ್ನು ಮುಂದಿನ ಕೋಣೆಯಲ್ಲೇ ಇಟ್ಟುಕೊಂಡು ತಾನೇ ಎತ್ತಿ ಕೂರಿಸಿ ಉಣ್ಣಿಸುತ್ತಾನೆ. ಅಂಥವನಿಗೆ ನಾನು, ನೀನು ಅವ್ವನನ್ನು ಆಚೆ ಕಳಿಸುವವನು, ಮಣ್ಣು ಮುಟ್ಟದವನು ಎಂದು ಬರೆಸಿ ಕಳಿಸಿದ್ದೆ. ಇಂಥ ಮಾತಾಡುವವರ ಸಹವಾಸ ಬೇಡ ಎಂದು ಅವನೂ ಮಗಳಿಗೆ ಹೇಳಿದ್ದನಂತೆ.

ಮಾದೇವಿ ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದು ನಿಂತಳು. "ನೀ ಇಸ್ಕೂಲ್ನ ನೀನಾಗೇ ಬುಟ್ಟೆ. ಅಜ್ಜ ಬುಡುಸ್ನಿಲ್ಲ. ನಂಗೆ ಮಾತ್ರ ನೀ ಬುಡುಸ್ತಿದ್ದೀಯ. ಅವಳ್ಗೂ ಅವ್ರಪ್ಪ ಬುಡುಸ್ತಾವ್ರೆ. ನೀವಿಬ್ರೂ ಒಂದ್ಸಲ ಮೊಕ ನೋಡ್ಕಳಿ. ಆಮೇಕೆ ಬುಡ್ಸಿ."

ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಮ್ಮ ಮನೆಯವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನ ಶುಕ್ರವಾರ ಎರಡೂ ಕಡೆಯಿಂದ ಅಪ್ಪಂದಿರು ಬರುವುದೆಂದು ಮಕ್ಕಳೇ ಗೊತ್ತುಮಾಡಿಕೊಂಡರು. ಬೆಳಗ್ಗೆಯಿಂದ ಸಿಟ್ಟಿನಲ್ಲಿ ಒಂದು ತುತ್ತೂ ಇಳಿದಿರಲಿಲ್ಲ. ಬಸ್ಸಿನಲ್ಲಿ ಪೂರಾ ನನ್ನ ಭಾಷಣವನ್ನು ಒಳಗೊಳಗೇ ಒಪ್ಪ ಮಾಡಿದೆ: ನಮ್ಮ ತಾತನ ಕಾಲದಿಂದ ನಾವು ಕೊಟ್ಟವರೇ ಹೊರತು ಕೇಳಿದವರಲ್ಲ, ಇತ್ಯಾದಿ. ಕಂಪ್ಯೂಟರಿನ ಮುಂದೆ ಕೂತರೆ ಎದುರಿಗೆ ಕೆಂಪು ಮುಖದ ಒಬ್ಬ ಆಸಾಮಿ. ನೀಲಿ ಕೆಲಸದ ಬಟ್ಟೆ, ಭುಜದ ಮೇಲೆ ಹುಲ್ಲಿನ ಎಸಳು. ಅವನ ಮೀಸೆ ನನ್ನದಕ್ಕಿಂತ ದೊಡ್ಡದಿತ್ತು. ಮೊದಲ ಸೋಲು ಅಲ್ಲೇ ಆಯಿತು. ಅವನಿಗೂ ಇಂಗ್ಲಿಷ್ ಬಾರದು, ನನಗೂ ಬಾರದು. ಎರಡು ಕಡೆಯೂ ಹೆಣ್ಣುಮಕ್ಕಳು ವಕೀಲರ ಹಾಗೆ ಪಕ್ಕದಲ್ಲಿ ಕೂತಿದ್ದವು, ಎರಡರ ಮುಖವೂ ಬಿಳುಪೇರಿತ್ತು.

ನಾನು ಭಾಷಣಕ್ಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು, "ಉಂಡ್ರಾ?"

ಏನು ಮಾಡಲಿ ಹೇಳಿ, ನಮ್ಮ ಕಡೆ ಬದುವಿನ ಜಗಳಕ್ಕೆ ಕುಡುಗೋಲು ಹಿಡಿದು ಬಂದವನನ್ನೂ ಮೊದಲು ಅದನ್ನೇ ಕೇಳುವುದು. ಮಾದೇವಿ ಹಣೆ ಬಡಿದುಕೊಂಡಳು. ಟೀಚರಮ್ಮ ಕಣ್ಣು ಮುಚ್ಚಿಕೊಂಡರು.

ಆ ಮನುಷ್ಯ ನನ್ನನ್ನೇ ನೋಡಿದ. ಮಗಳು ಏನೂ ಹೇಳುವ ಮುಂಚೆಯೇ ಜೇಬಿನಿಂದ ಒಂದು ಚೀಟಿ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಕಲ್ಲು ಎತ್ತಿದಷ್ಟು ಕಷ್ಟಪಟ್ಟು ಓದಿದ.

"ಆಯ್ತು. ನಿಮ್ದು?"

ನನ್ನ ಭಾಷಣ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಾನೂ "ಆಯ್ತು" ಅಂದೆ. ಅವನು ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ. ಅದು ಲೇನಾಳಿಂದ ಮಾದೇವಿಗೆ ದಾಟಿ ನನ್ನ ಹತ್ತಿರ ಬರುವಷ್ಟರಲ್ಲಿ, ಬೇಜಾರು ಮಾಡಿಕೊಳ್ಳಬೇಡಿ ಎನ್ನುವಷ್ಟಕ್ಕೆ ಬತ್ತಿತ್ತು. ನಾನು ಅವನ ತಾಯಿಯ ಊಟವನ್ನೂ ವಿಚಾರಿಸಿದೆ, ಬರೆಸಿದ್ದು ತಪ್ಪಾಯಿತು ಎಂದೆ. ಅವನು ಕೈಯಲ್ಲೇ ಚಮಚ ಹಿಡಿದು ಬಾಯಿಗಿಡುವ ಹಾಗೆ ಮಾಡಿ ತೋರಿಸಿದ. ಟೀಚರಮ್ಮ ಹಗೇವನ್ನು ಸೀಳಿಟ್ಟ ಹಾಗೆ ಕಾಗದದ ಮೇಲೆ ಚಿತ್ರ ಬರೆದು, ಹೊಟ್ಟೆಯ ತುಂಬ ಚುಕ್ಕಿ ಇಟ್ಟು, ಇದೆಲ್ಲ ರಾಗಿ ಎಂದು ಕ್ಯಾಮೆರಾಕ್ಕೆ ಹಿಡಿದರು. ಅವನು ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದ. ಅವನ ಅಜ್ಜನೂ ಚಳಿಗಾಲಕ್ಕೆ ಆಲೂಗಡ್ಡೆಯನ್ನು ಹೀಗೆಯೇ ಗುಂಡಿಯಲ್ಲಿ ಹುಲ್ಲು ಹಾಸಿ ಮುಚ್ಚಿಡುತ್ತಿದ್ದನಂತೆ. ಅಲ್ಲಿಯ ಮಕ್ಕಳಿಗೇ ಅದು ಗೊತ್ತಿರಲಿಲ್ಲ.

ಗೆಳೆತನ ನಿಲ್ಲಲಿಲ್ಲ. ಬಿಸ್ಕತ್ತು ಬರಲಿಲ್ಲ, ಅಲ್ಲಿಯ ಮಕ್ಕಳು ತಿದ್ದಿದ ಪಟ್ಟಿ ಬಂತು: ಊಟ ಆಯಿತೇ ಎಂದರೆ ಆಯಿತು ಎನ್ನಿ, ಇಲ್ಲವಾದರೆ ಅವರು ಬಿಡುವುದಿಲ್ಲ. ನಮ್ಮ ಮಕ್ಕಳು ನನ್ನ ಮೊದಲನೆಯದನ್ನು ಹೊಡೆದು, ಲೇನಾಳ ಅಜ್ಜಿ ಮನೆಯಲ್ಲೇ ಇದ್ದಾರೆ, ಉಳಿದವರದ್ದನ್ನು ಕೇಳಿ ಬರೆಯುತ್ತೇವೆ ಎಂದು ಬರೆದವು.

ಉಂಡ್ರಾ ಎಂದರೆ ಏನು ಹೇಳಬೇಕು, ಯಾಕೆ ಎಂದು ಮಾದೇವಿ ಮೊದಲೇ ಲೇನಾಳಿಗೆ ಬರೆದಿದ್ದಳಂತೆ, ಆ ಚೀಟಿ ಬಂದದ್ದು ಹಾಗೆ. ಲೇನಾ ಮಾದೇವಿಗೆ ಇನ್ನೊಂದು ಸಂಗತಿ ಬರೆದಿದ್ದಳು. ಆ ದಿನ ಅವಳ ಅಪ್ಪ ಕೊಟ್ಟಿಗೆಯಿಂದ ನೇರ ಶಾಲೆಗೆ ಬಂದಿದ್ದನಂತೆ, ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಮತ್ತೆ ಆಯ್ತು ಅಂತ ಯಾಕೆ ಅಂದೆ ಎಂದು ಲೇನಾ ಕೇಳಿದ್ದಕ್ಕೆ, ಇಲ್ಲ ಅಂದಿದ್ದರೆ ಆ ಮನುಷ್ಯ ಅಷ್ಟು ದೂರದಲ್ಲಿ ಕೂತು ಏನು ಮಾಡಬೇಕಿತ್ತು ಎಂದನಂತೆ.

ಅದನ್ನು ಮಾದೇವಿಯಿಂದ ಎರಡು ಸಲ ಓದಿಸಿದೆ. ನಮ್ಮ ಸುಳ್ಳನ್ನು ನಮ್ಮ ಹಾಗೆಯೇ, ಅದೇ ಕಾರಣಕ್ಕೆ ಹೇಳಿದವನನ್ನು ಪರದೇಶದವನು ಅನ್ನಲು ಆಮೇಲೆ ನನಗೆ ಬಾಯಿ ಬರಲಿಲ್ಲ.

ಹೋದ ವಾರ ಇದೆಲ್ಲ ನೆನೆಯುತ್ತಾ ಕೂತಿದ್ದಾಗ, ಪಕ್ಕದ ಟೀ ಅಂಗಡಿಯಲ್ಲಿ ನಮ್ಮೂರಿನವನೇ ಒಬ್ಬ ಮೊಬೈಲು ಹಿಡಿದು, ಯಾವುದೋ ದೇಶದ ಹೆಸರು ಹೇಳಿ, ಅಲ್ಲಿಯ ಜನ ಎಲ್ಲ ಹಿಂಗೇ ಎಂದು ನಾಲ್ಕು ಜನರಿಗೆ ಒಪ್ಪಿಸುತ್ತಿದ್ದ. ಹಿಂದಿನ ನಾನಾಗಿದ್ದರೆ ನನ್ನದೂ ಎರಡು ಸೇರಿಸುತ್ತಿದ್ದೆ.

"ಅಲ್ಲಿ ಒಬ್ರ ಎಸ್ರಾದ್ರೂ ಗೊತ್ತಾ ನಿಂಗೆ?" ಎಂದು ಕೇಳಿದೆ.

"ಎಸ್ರ್ಯಾಕಣ್ಣ?" ಅಂದ. "ನಿಂಗೊತ್ತಾ?"

"ಆ ದೇಶದೋರು ಗೊತ್ತಿಲ್ಲ. ಜರ್ಮನಿಲಿ ಒಬ್ನು ಗೊತ್ತು, ಡೀಟರ್ ಅಂತ. ಅವನೊಬ್ಬನ್ದು ಬೇಕಾದ್ರೆ ಯೋಳ್ತೀನಿ, ಮಿಕ್ಕೋರ್ದು ಗೊತ್ತಿಲ್ಲ."

ನಾಲ್ಕೂ ಜನ ನನ್ನ ಕಡೆ ತಿರುಗಿದರು. ಅವನು ಮೊಬೈಲನ್ನು ಜೇಬಿಗೆ ಇಳಿಸಿ, ಆ ಡೀಟರಣ್ಣ ಎಂಥವನು ಎಂದು ಕೇಳಿದ.

"ಆಲೂಗಡ್ಡೆ ಬೆಳೀತಾನೆ," ಅಂದೆ. "ಸುಳ್ಳೂ ಬೋ ಸೊಗ್ಸಾಗ್ ಯೋಳ್ತಾನೆ."