ತಲೆಯ ಬಳಿಯ ಸ್ಟೂಲು

ನಮ್ಮ ಆಸ್ಪತ್ರೆಯ ಬೋರ್ಡಿನಲ್ಲಿ ಉಳಿದ ಡಾಕ್ಟರುಗಳಿಗೆಲ್ಲ ಒಂದೊಂದು ಸಾಲು, ನಮ್ಮ ಮೇಡಂಗೆ ಮಾತ್ರ ಎರಡು: ಅರಿವಳಿಕೆ ತಜ್ಞೆ, ಹೆರಿಗೆ ತಜ್ಞೆ. ನಾವು ನರ್ಸುಗಳು ಬೆನ್ನ ಹಿಂದೆ ‘ಟೂ ಇನ್ ಒನ್’ ಅನ್ನುತ್ತಿದ್ದೆವು, ಹಳೇ ಕಾಲದ ರೇಡಿಯೋ ಟೇಪ್‌ರೆಕಾರ್ಡರಿಗೆ ಅಂದ ಹಾಗೆ. ಅವರಿಗೂ ಅದು ಗೊತ್ತಿತ್ತು, ನಗುತ್ತಿದ್ದರು. ಆ ನಗುವಿನಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಅವರ ವಿಷಯದಲ್ಲಿ ನಾನು ಹೇಳಿರುವ ಸುಳ್ಳೇ ಸಾಕು.

ಅವರಿಗೆ ಬೇಕಿದ್ದದ್ದು ಈ ಎರಡೂ ಅಲ್ಲ. ಮಕ್ಕಳ ಡಾಕ್ಟರಾಗಬೇಕೆಂದಿದ್ದರು. ಸೀಟು ಆರಿಸುವ ದಿನ ಇವರ ಸರದಿ ಬಂದಾಗ ಮಕ್ಕಳ ವಿಭಾಗದಲ್ಲಿ ಒಂದು ಸೀಟು ಉಳಿದೇ ಇತ್ತಂತೆ. ಒಂದು ಮಾತು ಕೇಳಿಬಿಡೋಣ ಎಂದು ಅಣ್ಣನಿಗೆ ಫೋನ್ ಮಾಡಿದರು. ಅಪ್ಪ ಹೋದ ಮೇಲೆ ಇವರನ್ನು ಓದಿಸಿದವರು ಆ ಅಣ್ಣ. ನಮ್ಮ ಆಸ್ಪತ್ರೆ ಕಟ್ಟಿದವರೂ ಅವರೇ, ನಾವೆಲ್ಲ ‘ದೊಡ್ಡ ಡಾಕ್ಟರು’ ಅನ್ನುತ್ತೇವೆ. ಜ್ವರ, ಸಕ್ಕರೆ ಕಾಯಿಲೆ ನೋಡುವವರು, ಚಾಕು ಹಿಡಿಯುವವರಲ್ಲ.

“ಮಕ್ಕಳ ಡಾಕ್ಟರು ಬೀದಿಗಿಬ್ಬರು ಸಿಗ್ತಾರೆ. ನಮ್ಮ ಆಸ್ಪತ್ರೆಗೆ ಬೇಕಾಗಿರೋದು ಅರಿವಳಿಕೆ ಕೊಡೋರು. ಅದನ್ನೇ ತಗೋ” ಅಂದರಂತೆ.

ತಗೊಂಡರು. ಮೂರು ವರ್ಷ ಜನರನ್ನು ಮಲಗಿಸಿ ಎಬ್ಬಿಸುವುದನ್ನು ಕಲಿತು ಬಂದರು. ಬಂದ ಎರಡನೇ ವರ್ಷ ನಮ್ಮ ಹೆರಿಗೆ ಡಾಕ್ಟರು ದೊಡ್ಡ ಡಾಕ್ಟರ ಜೊತೆ ಜಗಳವಾಡಿ ಬಿಟ್ಟುಹೋದರು. “ಹೊರಗಿನವರನ್ನ ನಂಬೋ ಹಾಗಿಲ್ಲ. ನಿನಗೆ ತಲೆ ಚುರುಕಿದೆ, ಅದನ್ನೂ ನೀನೇ ಕಲಿತುಬಿಡು” ಎಂದರು ಅಣ್ಣ. ಮತ್ತೆ ಹಾಸ್ಟೆಲ್, ಮತ್ತೆ ಪರೀಕ್ಷೆ, ತಮಗಿಂತ ಚಿಕ್ಕವರ ಕೈಕೆಳಗೆ ನಿಂತು ಬೈಸಿಕೊಳ್ಳುವುದು. ಮದುವೆಯ ಮಾತು ಬಂದಾಗಲೆಲ್ಲ “ಓದು ಮುಗೀಲಿ” ಎಂದು ಅಣ್ಣನೇ ಉತ್ತರ ಕೊಟ್ಟರು. ಓದು ಮುಗಿಯುವಷ್ಟರಲ್ಲಿ ಆ ಮಾತು ಬರುವುದೂ ನಿಂತಿತ್ತು.

ಸಿಸೇರಿಯನ್ ಇದ್ದರೆ ನಮ್ಮಲ್ಲಿ ನಡೆಯುತ್ತಿದ್ದದ್ದು ಹೀಗೆ. ಮೇಡಂ ಮೊದಲು ಬೆನ್ನಿಗೆ ಸೂಜಿ ಚುಚ್ಚಿ ಕೆಳಗಿನ ಅರ್ಧ ಮೈ ಮರಗಟ್ಟಿಸುವರು. ಆಮೇಲೆ ಕೈ ತೊಳೆದು, ಗೌನು ತೊಟ್ಟು, ಈಚೆ ಬಂದು ಹೊಟ್ಟೆ ಕೊಯ್ಯುವರು. ನಡುವೆ ನನಗೊಂದು ಮಾತು: “ಸಿಸ್ಟರ್, ತಲೆ ಕಡೆ ನೋಡ್ಕೊಳ್ಳಿ.” ಅರಿವಳಿಕೆ ಕೊಟ್ಟವರು ಕೂತು ಉಸಿರು, ನಾಡಿ ನೋಡುತ್ತಿರಲೆಂದು ತಲೆಯ ಬಳಿ ಒಂದು ಸ್ಟೂಲು ಇರುತ್ತದೆ. ನಾವು ಅದರ ಮೇಲೆ ಹತ್ತಿಯ ಡಬ್ಬಿ ಇಡುತ್ತಿದ್ದೆವು. ಮಗು ಹೊರಗೆ ಬಂದರೆ ಅದನ್ನು ಹಿಡಿಯಬೇಕಾದವಳೂ ನಾನೇ. ಇನ್ನೊಬ್ಬ ನರ್ಸಿನ ಕೈಯಲ್ಲಿ ಕತ್ತರಿ, ದಾರ.

“ಅಣ್ಣ, ಇನ್ನೊಬ್ಬರನ್ನ ಕರೆಸು. ಕಲಿತಿರೋದು ಎರಡು ವಿದ್ಯೆ ನಿಜ, ಆದ್ರೆ ಇರೋಳು ನಾನೊಬ್ಬಳೇ” ಎಂದು ಮೇಡಂ ನನ್ನೆದುರಿಗೇ ಕೇಳಿದ್ದರು.

“ಎರಡು ಡಿಗ್ರಿ ಇಟ್ಕೊಂಡು ಹೀಗನ್ನೋಕೆ ನಾಚಿಕೆ ಆಗಲ್ವಾ?”

ನಾಲ್ಕು ವರ್ಷ ನಡೆಯಿತು. ಯಾರೂ ಸಾಯಲಿಲ್ಲವಾದ್ದರಿಂದ ಎಲ್ಲ ಸರಿಯಾಗಿಯೇ ಇದೆ ಎಂದುಕೊಂಡೆವು.

ಐದನೇ ವರ್ಷ, ಒಂದು ಮಧ್ಯಾಹ್ನ, ಟೇಬಲ್ಲಿನ ಮೇಲೆ ದರ್ಜಿಯ ಹೆಂಡತಿ. ಮಗು ಬಂತು, ಅಳಲಿಲ್ಲ. ಮೂಲೆಗೆ ಒಯ್ದು ಬೆನ್ನುಜ್ಜಿದೆ, ಬಾಯಿಯ ಲೋಳೆ ತೆಗೆದೆ. ಹಿಂದಿನಿಂದ “ಉಸಿರು...” ಎಂದು ಸಣ್ಣ ದನಿ ಕೇಳಿದಂತಾಯಿತು. ಒಂದು ನಿಮಿಷ ಎಂದುಕೊಂಡೆ. ಮಗು ಕಿರುಚಿದಾಗ ಖುಷಿಯಿಂದ ತಿರುಗಿದೆ. ತಾಯಿಯ ತುಟಿ ನೀಲಿಗಟ್ಟಿತ್ತು. ಮದ್ದು ಮೇಲಕ್ಕೇರಿ ಎದೆಯನ್ನೂ ಮರಗಟ್ಟಿಸಿತ್ತು. ನಡುವಿನ ಪರದೆಯಿಂದಾಗಿ ಮೇಡಂಗೆ ಮುಖ ಕಾಣುತ್ತಿರಲಿಲ್ಲ. ನಾನು ಕೂಗಿದ ಮೇಲೆ ರಕ್ತದ ಕೈಯಲ್ಲೇ ತಲೆಯ ಕಡೆ ಓಡಿಬಂದು ಗಂಟಲಿಗೆ ಕೊಳವೆ ಇಳಿಸಿದರು. ಅಷ್ಟರಲ್ಲಿ ಹೊಟ್ಟೆಯಲ್ಲಿ ರಕ್ತ. ಆ ಕಡೆ ಓಡಿದರೆ ಈ ಕಡೆ ಉಸಿರಿಲ್ಲ. ಅತ್ತ ದರಿ, ಇತ್ತ ಪುಲಿ. ಎರಡು ವಿದ್ಯೆ ಕಲಿತವರು ಒಂದು ಟೇಬಲ್ಲಿನ ಸುತ್ತ ಹುಚ್ಚಿಯ ಹಾಗೆ ಓಡಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಹೆಂಗಸು ಉಳಿಯಲಿಲ್ಲ.

ದರ್ಜಿ ಅಳತೆಯ ಪಟ್ಟಿ ಕೊರಳಲ್ಲಿರುವಾಗಲೇ ಅಂಗಡಿಯಿಂದ ಓಡಿಬಂದಿದ್ದ. ಅವನು ಕೇಳಿದ್ದು ಒಂದೇ ಪ್ರಶ್ನೆ. “ಒಳಗೆ ಎಷ್ಟು ಜನ ಡಾಕ್ಟರಿದ್ರು?”

ನಾನು ಮಗುವನ್ನು ತಂದು ಅವನ ಕೈಗೆ ಕೊಟ್ಟೆ.

ದರ್ಜಿ ದೂರು ಕೊಟ್ಟ. ವಿಚಾರಣೆಯ ಹಿಂದಿನ ದಿನ ದೊಡ್ಡ ಡಾಕ್ಟರು ನನ್ನನ್ನು ಔಷಧಿ ಕೋಣೆಗೆ ಕರೆದು, “ಸಿಸ್ಟರ್, ನಿಮ್ಮ ರಿಟೈರ್ಮೆಂಟಿಗೆ ಇನ್ನೆಷ್ಟು ವರ್ಷ ಇದೆ?” ಎಂದು ಕೇಳಿದರು. ಅಷ್ಟೇ. ನನಗೆ ಅರ್ಥವಾಯಿತು.

“ತಲೆ ಕಡೆ ನೋಡ್ಕೊಳ್ಳಿ ಅಂತ ಸಿಸ್ಟರ್‌ಗೆ ಹೇಳಿದ್ದೆ” ಎಂದರು ಮೇಡಂ, ಮರುದಿನ ವಿಚಾರಣೆಗೆ ಬಂದ ಮೂವರು ಅಧಿಕಾರಿಗಳ ಮುಂದೆ.

“ನನಗೆ ಹಾಗೇನೂ ಹೇಳಿರಲಿಲ್ಲ” ಎಂದೆ ನಾನು.

“ಎರಡೂ ನಾನೇ ನೋಡ್ಕೋತೀನಿ ಅಂತ ಅವಳೇ ಹಟ ಹಿಡೀತಿದ್ಲು” ಎಂದರು ಅಣ್ಣ.

ಮೇಡಂ ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದರು. ಅಧಿಕಾರಿಗಳು ಅತಿಯಾದ ಆತ್ಮವಿಶ್ವಾಸ ಎಂದು ಬರೆದು ಮೇಡಂ ಆರು ತಿಂಗಳು ಕೆಲಸ ಮಾಡದಂತೆ ತಡೆದರು. ಹೆಸರು ಕೆಟ್ಟವರಿಗೆ ಬೇರೆ ಯಾರು ಬಾಗಿಲು ತೆರೆಯುತ್ತಾರೆ? ಆರು ತಿಂಗಳ ಮೇಲೆ ಮತ್ತೆ ನಮ್ಮಲ್ಲಿಗೇ ಬಂದರು, ಮತ್ತೆ ಅದೇ ಸೂಜಿ, ಅದೇ ಕೊಯ್ತ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. “ತಲೆ ಕಡೆ ನೋಡ್ಕೊಳ್ಳಿ” ಅನ್ನುವುದನ್ನು ಮಾತ್ರ ಈಗ ಜೋರಾಗಿ ಹೇಳುತ್ತಿದ್ದರು, ಇನ್ನೊಬ್ಬ ನರ್ಸಿಗೂ ಕೇಳಲಿ ಎಂದು.

ಮರುವರ್ಷ ದೊಡ್ಡ ಡಾಕ್ಟರ ಮಗಳು ಹೆರಿಗೆಗೆ ಬಂದಳು. ಮೇಡಂ ಎತ್ತಿ ಆಡಿಸಿ ಬೆಳೆಸಿದ ಹುಡುಗಿ, ಈಗಲೂ ಅವರಿಗೆ ‘ಪುಟ್ಟಿ’. ಸಿಸೇರಿಯನ್ ಎಂದಾಯಿತು. ಮೇಡಂ ಬೆಳಿಗ್ಗೆಯೇ ಟೋಪಿ ಹಾಕಿಕೊಂಡು ಸಿದ್ಧರಾಗಿ ನಿಂತಿದ್ದರು. ಒಂಬತ್ತಕ್ಕೆ ಅಂಗಳದಲ್ಲಿ ಎರಡು ಕಾರು ನಿಂತವು, ಎರಡರಿಂದಲೂ ಒಬ್ಬೊಬ್ಬರು ಡಾಕ್ಟರು ಇಳಿದರು.

“ಯಾರಣ್ಣ ಇವರು?”

“ಒಬ್ಬರು ಅರಿವಳಿಕೆಗೆ, ಒಬ್ಬರು ಆಪರೇಷನ್‌ಗೆ.”

“ನಾನಿದ್ದೀನಲ್ಲ.”

“ಒಬ್ಬಳೇ ಎರಡು ಕಡೆ ಹೇಗೆ ನೋಡ್ತೀಯ?” ಎಂದರು ಅಣ್ಣ, ಗಡಿಯಾರ ನೋಡುತ್ತ. “ಮನೆ ಮಗು ಅದು. ರಿಸ್ಕ್ ತಗೊಳ್ಳೋಕಾಗುತ್ತಾ?”

ತಾನು ಏನು ಹೇಳಿದೆ ಅನ್ನುವುದು ಆ ಮನುಷ್ಯನಿಗೆ ಹೊಳೆಯಲೂ ಇಲ್ಲ. ಅಂದರೆ ಇಷ್ಟು ವರ್ಷ ದೊಡ್ಡ ಡಾಕ್ಟರು ಎಲ್ಲ ಗೊತ್ತಿದ್ದೇ ಸುಮ್ಮನಿದ್ದರು! ಕೈಯಲ್ಲಿ ಚಪ್ಪಲಿ ತಗೊಳ್ಳಬೇಕೆನಿಸಿತು ನನಗೆ. ತಗೊಳ್ಳಲಿಲ್ಲ.

ಒಳಗೆ, ಬಂದ ಅರಿವಳಿಕೆ ಡಾಕ್ಟರು “ಈ ಡಬ್ಬಿ ತೆಗೀರಿ” ಎಂದು ಸ್ಟೂಲಿನ ಮೇಲೆ ಕೂತರು. ಪುಟ್ಟಿಯ ಕೈ ಹಿಡಿದುಕೊಂಡು ಆಗಾಗ “ಉಸಿರು ಸರಾಗವಾಗಿದೆಯಾ ಅಮ್ಮ?” ಎಂದು ಕೇಳುತ್ತಿದ್ದರು. ಮುಕ್ಕಾಲು ಗಂಟೆ ಅವರು ಮಾಡಿದ್ದು ಅದನ್ನೇ. ದರ್ಜಿಯ ಹೆಂಡತಿಗೆ ಸಿಗದೇ ಹೋದದ್ದೂ ಅದೇ. ಮಾಸ್ಕಿನೊಳಗೆ ನಾನು ಅತ್ತೆ.

ಮರುದಿನ ಟೇಬಲ್ಲಿನ ಮೇಲೆ ಗಾರೆ ಕೆಲಸದವನ ಹೆಂಡತಿ. ಮೇಡಂ ಬಂದರು, ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು, ಸ್ಟೂಲಿನ ಮೇಲೆ ಕೂತರು.

“ಕೊಯ್ಯೋರು ಬಂದ ಮೇಲೆ ಸೂಜಿ ಹಾಕ್ತೀನಿ. ಫೋನ್ ಮಾಡಿ.”

ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ಕೂಗಾಡಿದರು. “ತಲೆ ಕೆಟ್ಟಿದೆಯಾ ನಿನಗೆ?”

“ನಿನ್ನೆ ನೀನೇ ಹೇಳಿದೆಯಲ್ಲ ಅಣ್ಣ, ಒಬ್ಬಳೇ ಎರಡು ಕಡೆ ಹೇಗೆ ನೋಡ್ತೀಯ ಅಂತ.”

ಮುಕ್ಕಾಲು ಗಂಟೆಯಲ್ಲಿ ಇನ್ನೊಬ್ಬ ಡಾಕ್ಟರು ಬಂದರು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಸಂಜೆಯೊಳಗೆ ದೊಡ್ಡ ಡಾಕ್ಟರು ಕರೆಸಿದ ಪೇಂಟರ್ ಬೋರ್ಡಿನಿಂದ ಮೇಡಂ ಹೆಸರಿನ ಎರಡು ಸಾಲನ್ನೂ ಅಳಿಸಿದ.

ಮೇಡಂ ಒಂದು ಚೀಲ ಹಿಡಿದು ಹೊರಟವರು ನನ್ನ ಹತ್ತಿರ ನಿಂತರು. “ಸಿಸ್ಟರ್, ಆ ದಿನ ನಾನು ಹೇಳಿದ್ದು ನಿಮಗೆ ಕೇಳಿಸಿತ್ತು ಅಲ್ವಾ?”

ಕೌಂಟರಿನಲ್ಲಿ ದೊಡ್ಡ ಡಾಕ್ಟರು ನಿಂತಿದ್ದರು.

“ಇಲ್ಲ ಮೇಡಂ” ಎಂದೆ.

ಅವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು. ಈಗ ಎಲ್ಲಿದ್ದಾರೋ ಗೊತ್ತಿಲ್ಲ.

ಎರಡು ತಿಂಗಳಿಗೆ ಹೊಸ ಡಾಕ್ಟರ್ ಬಂದಳು. ಚಿಕ್ಕ ವಯಸ್ಸು, ಚುರುಕು, ಅವಳ ಹತ್ತಿರವೂ ಎರಡು ಡಿಗ್ರಿ. ಬೋರ್ಡಿನ ಅದೇ ಜಾಗದಲ್ಲಿ ಮತ್ತೆ ಎರಡು ಸಾಲು ಬಂತು. ಮೊದಲ ಕೇಸಿನ ದಿನ ಸೂಜಿ ಚುಚ್ಚಿ ಕೈ ತೊಳೆಯಲು ಹೊರಟವಳು ತಿರುಗಿ, “ಸಿಸ್ಟರ್, ತಲೆ ಕಡೆ ನೋಡ್ಕೊಳ್ಳಿ” ಎಂದಳು.

“ಸರಿ ಮೇಡಂ” ಎಂದು, ಮಗುವನ್ನು ಹಿಡಿಯುವ ಬಟ್ಟೆಯನ್ನು ಕೈಮೇಲೆ ಹರಡಿಕೊಂಡು ಮೂಲೆಯಲ್ಲಿ ನಿಂತೆ. ಹತ್ತಿಯ ಡಬ್ಬಿ ಸ್ಟೂಲಿನ ಮೇಲಿತ್ತು.